ಖೋ-ಖೋ ಅಂಗಳದಲ್ಲಿ ಪಿರಮಿಡ್ಡು

ಪಾಠ ಪುಸ್ತಕದೊಳಗೆ ಇರುವಷ್ಟು ದಿನ ಯಾರಿಗೂ ತೊಂದರೆಯಿಲ್ಲ. ಅದನ್ನು ಅಂಗಳಕ್ಕೆ ಇಳಿಸಿದಿರೋ, ಅಕ್ಕಪಕ್ಕದವರೆಲ್ಲ ಎದ್ದು ಬರುತ್ತಾರೆ. ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನದ ಮೇಷ್ಟ್ರಾಗಿ ಇದನ್ನು ನೋಡುತ್ತಲೇ ಇದ್ದೇನೆ, ಬುದ್ಧಿ ಮಾತ್ರ ಬಂದಿಲ್ಲ.

ಜೋಗುಪಾಳ್ಯದ ಮನೆಯಿಂದ ಎರಡು ಬಸ್ಸು ಹಿಡಿದು ನಾನು ಹೋಗುವುದು ಹೊರಮಾವಿನ ಕಡೆಯ ಒಂದು ಸರ್ಕಾರಿ ಶಾಲೆಗೆ. ಸುತ್ತಲೂ ಅಪಾರ್ಟ್‌ಮೆಂಟು, ನಡುವೆ ನಾವು. ಕಳೆದ ವರ್ಷ ನಮ್ಮ ಹೆಣ್ಣುಮಕ್ಕಳ ಖೋ-ಖೋ ತಂಡ ತಾಲ್ಲೂಕು ಪಂದ್ಯಕ್ಕೆ ಆಯ್ಕೆಯಾಯಿತು. ಆದರೆ ಅಭ್ಯಾಸಕ್ಕೆ ಅಂಗಳವೇ ಇಲ್ಲ. ಒಂದು ಕಾಲಕ್ಕೆ ದೊಡ್ಡದಿತ್ತಂತೆ, ವರ್ಷ ವರ್ಷ ಸವೆದು ಈಗ ಒಂದು ಪಟ್ಟಿ ಉಳಿದಿತ್ತು. ಮಕ್ಕಳು ವರಾಂಡದಲ್ಲಿ ಆಡುತ್ತಿದ್ದವು. ಓಡುವವಳು ಎದುರಾಳಿ ಕೈಗೆ ಸಿಗುವ ಮೊದಲೇ ಗೋಡೆಗೆ ಗುದ್ದಿಕೊಳ್ಳುತ್ತಿದ್ದಳು. ಶಾಲೆಯ ಜಾಗ ಅಳೆದು ಗಡಿ ತೋರಿಸಿ ಎಂದು ಹೆಡ್‌ಮಿಸ್ ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗಿದ್ದರು. ಸರ್ವೇಯರ್ ಬರಲೇ ಇಲ್ಲ.

ಇಂಥ ಹೊತ್ತಿನಲ್ಲಿ, ಉಳಿದ ಆ ಪಟ್ಟಿಯಲ್ಲೇ ನಾನು ವಸ್ತುಪ್ರದರ್ಶನ ಇಟ್ಟೆ. ಪ್ರಪಂಚದ ಪುರಾತನ ಕಲ್ಲುಗಳು, ದಿಬ್ಬಗಳು, ಪಿರಮಿಡ್ಡುಗಳು. ಒಂದೇ ವಾರ ಕಣ್ರಮ್ಮಾ, ಆಮೇಲೆ ಎಲ್ಲ ತೆಗೆಸ್ತೀನಿ ಅಂತ ಖೋ-ಖೋ ಹುಡುಗಿಯರಿಗೆ ಮಾತು ಕೊಟ್ಟಿದ್ದೆ.

ಸಿಮೆಂಟಿಲ್ಲದ ಕಟ್ಟಡ

ಆಗ ಶಾಲೆಯಲ್ಲಿ ಹೊಸ ಶೌಚಾಲಯದ ಕೆಲಸ ನಡೀತಿತ್ತು. ಅದಕ್ಕೆ ತಂದಿಟ್ಟಿದ್ದ ಇಟ್ಟಿಗೆಯಲ್ಲಿ ಎಂಟನೇ ತರಗತಿಯವರು ಎದೆಮಟ್ಟದ ಪಿರಮಿಡ್ ಕಟ್ಟಿಬಿಟ್ಟರು. ಬೆಳಿಗ್ಗೆ ಕೆಲಸಕ್ಕೆ ಬಂದ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಹಲಸೂರಿನವನು, ಮೂವತ್ತು ವರ್ಷ ಕರಣೆ ಹಿಡಿದವನು. ಬೈತಾನೆ ಅಂತ ನಾನೇ ಓಡಿಹೋಗಿ, ಇದು ಈಜಿಪ್ಟಿನ ರಾಜರ ಸಮಾಧಿಯ ಮಾದರಿ, ಅಸಲಿಯದ್ದು ನಾಲ್ಕೂವರೆ ಸಾವಿರ ವರ್ಷದಿಂದ ನಿಂತಿದೆ ಅಂತ ವಿವರಿಸಿದೆ.

ಅವನು ಸುತ್ತ ಒಂದು ಬಾರಿ ನಡೆದು ಬಂದ. ಅಸಲಿಗೆ ಎಷ್ಟು ಮೂಟೆ ಸಿಮೆಂಟ್ ಹಿಡೀತು ಅಂತ ಕೇಳಿದ. ಒಂದು ಮೂಟೆಯೂ ಇಲ್ಲ, ಆಗ ಸಿಮೆಂಟೇ ಇರಲಿಲ್ಲ ಅಂದೆ.

"ಹಂಗನ್ನಿ ಸಾರ್. ಕಂಟ್ರಾಕ್ಟರಿಗೆ ಕದಿಯೋಕೆ ಏನೂ ಸಿಕ್ಕಿಲ್ಲ, ಅದಕ್ಕೇ ನಿಂತಿದೆ."

ದಿಬ್ಬಕ್ಕೆ ಬಂದ ಮೊಟ್ಟೆ

ಶೌಚಾಲಯದ ಗುಂಡಿ ತೋಡಿದ ಮಣ್ಣು ರಾಶಿಯಾಗಿ ಬಿದ್ದಿತ್ತು. ಇಂಗ್ಲೆಂಡಿನಲ್ಲಿ ಪಿರಮಿಡ್ಡಿನ ಕಾಲದ ಜನ ಕೈಯಾರೆ ಪೇರಿಸಿದ ಒಂದು ಭಾರಿ ದಿಬ್ಬ ಇದೆ. ಅದರ ಮಾದರಿ ಅಂತ ಏಳನೇ ತರಗತಿಯವರು ಆ ಮಣ್ಣನ್ನು ತಟ್ಟಿ ತಟ್ಟಿ ಏರಿಸಿದರು. ಭಾನುವಾರ ಕಳೆದು ಸೋಮವಾರ ಬಂದು ನೋಡುತ್ತೇನೆ, ದಿಬ್ಬಕ್ಕೆ ಅರಿಶಿನ, ಕುಂಕುಮ, ಹಾಲು, ಎರಡು ಮೊಟ್ಟೆ. ಯಾರೋ ಹುತ್ತ ಎದ್ದಿದೆ ಅಂದುಕೊಂಡಿದ್ದಾರೆ.

ಹಿಂದಿನ ಬೀದಿಯ ಅಜ್ಜಿಯೊಬ್ಬರು ಕೈಮುಗಿದುಕೊಂಡು ನಿಂತಿದ್ದರು. ಮೊಮ್ಮಗಳಿಗೆ ಹುಷಾರಿಲ್ಲ, ಹರಕೆ ಹೊತ್ತಿದ್ದೀನಿ ಅಂದರು. ನಾನು ಮೆತ್ತಗೆ, ಅಜ್ಜಿ, ಇದು ಮಕ್ಕಳು ಮಾಡಿದ್ದು, ಇಂಥದ್ದು ಇಂಗ್ಲೆಂಡಿನಲ್ಲಿದೆ, ಅದನ್ನ ಯಾಕೆ ಕಟ್ಟಿದರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ ಅಂದೆ.

"ಗೊತ್ತಿಲ್ದೋರು ಸುಮ್ನಿರ್ಬೇಕಪ್ಪ," ಅಂದರು ಅಜ್ಜಿ.

ಆಮೇಲೆ ಗುದ್ದಲಿ ಹಿಡಿಯಲು ಯಾರೂ ತಯಾರಿಲ್ಲ. ಮೇಸ್ತ್ರಿಯೂ ಅಷ್ಟೆ, ಮನೇಲಿ ಮಕ್ಕಳುಮರಿ ಇದೆ ಸಾರ್ ಅಂದುಬಿಟ್ಟ. ಖೋ-ಖೋ ಹುಡುಗಿಯರ ಇದ್ದ ಜಾಗದಲ್ಲೂ ಒಂದು ಮೂಲೆ ಹೋಯಿತು. ನಾಯಕಿ ಹುಡುಗಿ ನನ್ನ ಜೊತೆ ಮಾತು ಬಿಟ್ಟಳು, ನನಗೂ ಅವಳ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ದಿನಾ ಇಟ್ಟ ಮೊಟ್ಟೆ ದಿನಾ ಮಾಯ. ನಾಗಪ್ಪ ಒಪ್ಪಿಸಿಕೊಂಡ ಅಂತ ಎಲ್ಲರಿಗೂ ಸಮಾಧಾನ. ಆ ನಾಗಪ್ಪನಿಗೆ ನಾಲ್ಕು ಕಾಲು, ಎರಡು ಕಿವಿ, ಒಂದು ಡೊಂಕುಬಾಲ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಜ್ಜಿಯ ಮೊಮ್ಮಗಳು ಹುಷಾರಾಗಿದ್ದಳು, ನಾನು ಬಾಯಿ ಬಿಡಲಿಲ್ಲ.

ಕೆಂಪು ನಂಬರಿನ ಕಲ್ಲುಗಳು

ಉಳಿದದ್ದು ನಿಂತ ಕಲ್ಲುಗಳು. ಫ್ರಾನ್ಸಿನಲ್ಲಿ ಇಂಥ ಕಲ್ಲುಗಳನ್ನು ಸಾಲುಸಾಲಾಗಿ ಹೊಲದ ತುಂಬ ನೆಟ್ಟಿದ್ದಾರೆ. ನಮ್ಮ ಹಳೇ ಬೇಲಿಯ ಕಲ್ಲುಗಳು ಮೂಲೆಯಲ್ಲಿ ಬಿದ್ದಿದ್ದವು. ಒಂಬತ್ತನೇ ತರಗತಿಯವರು ಏಳನ್ನು ಸಾಲಾಗಿ ನೆಟ್ಟು, ಗುರುತಿಗಿರಲಿ ಅಂತ ಕೆಂಪು ಬಣ್ಣದಲ್ಲಿ ಒಂದೊಂದಕ್ಕೂ ನಂಬರ್ ಬರೆದರು. ನೆಟ್ಟದ್ದು ಎಲ್ಲಿ ಅಂದರೆ, ಪಕ್ಕದ ಯಜಮಾನರ ಕಾರ್ ಶೆಡ್ಡಿನ ಪಕ್ಕದಲ್ಲೇ.

ಈ ಯಜಮಾನರ ಮನೆತನ ಒಂದು ಕಾಲಕ್ಕೆ ಇಲ್ಲೆಲ್ಲ ರಾಗಿ ಬೆಳೆದದ್ದು. ಈಗ ಬಾಡಿಗೆ ಮನೆಗಳು. ನಮ್ಮ ಕಡೆ ನಂಬರ್ ಹಾಕಿ ಕಲ್ಲು ನೆಟ್ಟರೆ ಅದಕ್ಕೆ ಒಂದೇ ಅರ್ಥ, ಅದು ನನ್ನ ತಲೆಗೆ ಹೋಗಲೇ ಇಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಯಜಮಾನರು ಲುಂಗಿ ಎತ್ತಿಕಟ್ಟಿ ಒಳಗೆ ಬಂದರು.

"ಯಾರನ್ನ ಕೇಳಿ ಗಡಿಕಲ್ಲು ನೆಟ್ರಿ ಮೇಷ್ಟ್ರೇ?"

ಗಡಿಕಲ್ಲಲ್ಲ, ಫ್ರಾನ್ಸಿನಲ್ಲಿ ಹೀಗೇ ನೆಟ್ಟಿದ್ದಾರೆ ಅಂದೆ. ಫ್ರಾನ್ಸಿನಲ್ಲಿ ನೆಡಲಿ, ನಮ್ಮ ಜಾಗದಲ್ಲಿ ಯಾಕೆ ನೆಡಬೇಕು ಅಂತ ಅವರು ಅಲ್ಲೇ ನಿಂತು ಸರ್ವೇಯರಿಗೆ ಫೋನ್ ಮಾಡಿದರು. ನಾವು ವರ್ಷಗಟ್ಟಲೆ ಅರ್ಜಿ ಹಾಕಿದರೂ ಬಾರದ ಪುಣ್ಯಾತ್ಮ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ನಕ್ಷೆ, ಟೇಪು ಹಿಡಿದು ಬಂದೇಬಿಟ್ಟ.

ಎರಡೆರಡು ಸಲ ಅಳೆದ. ಖೋ-ಖೋ ಹುಡುಗಿಯರು ತಟ್ಟೆ ಹಿಡಿದುಕೊಂಡೇ ಸುತ್ತ ನಿಂತರು. ಕೊನೆಗೆ ಸರ್ವೇಯರ್ ನನ್ನ ಕಡೆ ತಿರುಗಿ, "ಇಲ್ಲಿ ಕಲ್ಲು ನೆಟ್ಟಿದ್ದು ನಿಮ್ಮ ತಪ್ಪು," ಅಂದ. ಯಜಮಾನರು ಮೀಸೆ ಸವರಿಕೊಂಡರು. ಉಳಿದ ಪಟ್ಟಿಯೂ ಹೋಯಿತು ಅಂದುಕೊಂಡೆ.

"ಇಷ್ಟು ಒಳಗೆ ನೆಡಬಾರದಿತ್ತು. ಶಾಲೆ ಗಡಿ ಆ ಶೆಡ್ಡಿನಾಚೆ ಇದೆ."

ಯಜಮಾನರು ನಕ್ಷೆ ಇಸಿದುಕೊಂಡು ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ಹುಡುಗಿಯರ ಕಡೆ ನೋಡಿದರು. "ಇದು ನಮ್ಮ ತಾತ ಸ್ಕೂಲಿಗೆ ಕೊಟ್ಟ ಜಾಗ. ನಾನೂ ಇಲ್ಲೇ ಆಡಿ ಬೆಳೆದೋನು," ಅಂದರು, ದನಿ ಸಣ್ಣದಾಗಿತ್ತು. ದೊಡ್ಡ ಮನುಷ್ಯ ಕಣ್ರೀ. ಆ ವಾರದಲ್ಲೇ ಶೆಡ್ ಬಿಚ್ಚಿಸಿ, ಅಜ್ಜಿಯ ದಿಬ್ಬವೊಂದನ್ನು ಬಿಟ್ಟು ತಾವೇ ನಿಂತು ಅಂಗಳ ಸಮ ಮಾಡಿಸಿ, ಖೋ-ಖೋ ಕಂಬ ನೆಡಿಸಿದರು. ಹುಡುಗಿಯರು ಮೊದಲ ದಿನ ಅಲ್ಲಿ ಓಡಿದಾಗ ನನಗೆ ಕಣ್ಣು ತುಂಬಿ ಬಂತು.

ಪಕ್ಕದಲ್ಲೇ ನಿಂತಿದ್ದ ಯಜಮಾನರು ಮುಂದಿನ ವರ್ಷ ಯಾವ ಪಾಠ ಮೇಷ್ಟ್ರೇ ಅಂತ ಕೇಳಿದರು. ಚೀನಾದ ಮಹಾಗೋಡೆ ಅಂದೆ.

ಅವರು ಹತ್ತಿರದಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು ನನ್ನ ಕಿವಿಯ ಕಡೆ ಬಗ್ಗಿದರು.

"ಶಾಲೆಯ ಆ ಕಡೆ ನಮ್ಮ ತಮ್ಮನ ಮನೆ ಇದೆ ನೋಡಿ, ಅಲ್ಲಿಂದ ಶುರು ಮಾಡಿ. ಸರ್ವೇಯರಿಗೆ ನಾನೇ ಫೋನ್ ಮಾಡ್ತೀನಿ."