ಮೂವತ್ತೆರಡರ ರಿವಾಲ್ವರ್ ಇದ್ದವನಿಗೂ ಬೆಳಿಗ್ಗೆ ಏಳಕ್ಕೆ ಫೋನ್ ಬರಲಿ

ಮಾನ್ಯ ಅಧ್ಯಕ್ಷರಾದ ರಸೆಲ್ ಪೆಲ್ಕೋನೆನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ, ಮಿಷಿಗನ್ನಿನ ಈ ಉತ್ತರದ ಮೂಲೆಯಲ್ಲಿ, ನಮ್ಮ ಲಾಗ್ ಲೇಕ್ ರಸ್ತೆಯ ಮೂವತ್ತೊಂದು ಮನೆಗಳ ತುರ್ತು ಸನ್ನದ್ಧತಾ ಸಮಿತಿಯನ್ನು ಮುನ್ನಡೆಸುತ್ತಾ, ಇನ್ನೂ ಹೊರಟೇ ಇರದ ದಂಗೆಕೋರರನ್ನು ಈಗಲೇ ಕಂಡು ನಮ್ಮನ್ನು ಕಾಯುತ್ತಿರುವ ತಮಗೆ, ಮೊಣಕಾಲುದ್ದದ ಹಿಮದಲ್ಲಿ ನಿಂತು ನಮಸ್ಕರಿಸುತ್ತೇನೆ. ದೂರಿನ ಪತ್ರ ಮೂರು ಪ್ಯಾರಾದಲ್ಲಿ ಮುಗಿಯಬೇಕೆಂದು ಕಾಲೇಜಿನ ಇಂಗ್ಲಿಷ್ ತರಗತಿಯಲ್ಲಿ ಕಲಿಸಿದ್ದರು. ಮೂರನೆಯದರಲ್ಲಿ ಏನಿರಬೇಕೆಂಬುದು ಮರೆತುಹೋಗಿರುವುದರಿಂದ ಇದು ಎಲ್ಲಿ ಮುಗಿಯುತ್ತದೋ ನಾನರಿಯೆ.

ಅಕ್ಟೋಬರಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ತಾವು ಆತ್ಮರಕ್ಷಣೆಗೆ ಯಾವ ಅಳತೆಯ ಗುಂಡು ಯೋಗ್ಯವೆಂದು ಮೂರು ಗಂಟೆ ಚರ್ಚೆ ನಡೆಸಿದಿರಿ. ನಲವತ್ತೈದರ ಪಕ್ಷದವರು "ಒಂದೇ ಏಟಿಗೆ ಮಲಗಿಸ್ಬಿಡುತ್ತೆ" ಎಂದರೆ, ಒಂಬತ್ತು ಮಿಲಿಮೀಟರಿನವರು "ಒಂದು ತಪ್ಪಿದ್ರೂ ಇನ್ನೂ ಹದಿನಾಲ್ಕು ಇರ್ತಾವಲ್ಲಪ್ಪಾ" ಎಂದರು. ಕಾಫಿ ಬಗ್ಗಿಸುತ್ತಿದ್ದ ಡಾರ್ಲೀನ್ ರೌಟಿಯೊ, "ಅಲ್ರೀ, ಮಲಗೋನು ಯಾರು ಅಂತ ಮೊದ್ಲು ಹೇಳಿ, ಅವ್ನಿಗೂ ಒಂದು ಕಪ್ ಇಡ್ತೀನಿ" ಎಂದು ಕೇಳಿದ್ದು ನಡಾವಳಿಯಲ್ಲಿ ದಾಖಲಾಗಲಿಲ್ಲ. ಒಬ್ಬರ ಗುಂಡು ಇನ್ನೊಬ್ಬರ ಪಿಸ್ತೂಲಿಗೆ ಹೊಂದಲೆಂದು, ಎಲ್ಲೆಡೆ ಸಿಗುವ ಒಂಬತ್ತೇ ಪ್ರತಿ ಮನೆಯಲ್ಲೂ ಇರತಕ್ಕದ್ದೆಂದು ತೀರ್ಮಾನವಾಯಿತು. ಇಂಥ ದೂರದೃಷ್ಟಿ ಹದ್ದುಗಳಲ್ಲೂ ಅಪರೂಪ.

ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ನನ್ನಲ್ಲಿರುವುದು ತೀರಿಕೊಂಡ ನನ್ನ ಹೆಂಡತಿ ಲೆಂಪಿಯ ಮೂವತ್ತೆರಡರ ಹಳೆಯ ರಿವಾಲ್ವರ್. ಮೂವತ್ತೆಂಟು ವರ್ಷಗಳಲ್ಲಿ ಅವಳು ಅದನ್ನು ಹಾರಿಸಿದ್ದು ಒಮ್ಮೆ, ನಸುಕಿನಲ್ಲೇ ಬಂದು ನಮ್ಮ ಹೊಗೆಕೊಳವೆಯ ತಗಡನ್ನು ಕುಟ್ಟುತ್ತಿದ್ದ ಮರಕುಟಿಗದ ಮೇಲೆ. ತಗಡಿಗೆ ತೂತಾಯಿತು; ಹಕ್ಕಿ ಮರುದಿನವೂ ಬಂತು, ಹೊಸ ನಾದ ಅದಕ್ಕೆ ಹಿಡಿಸಿತೆಂದು ತೋರುತ್ತದೆ. ಆ ರಿವಾಲ್ವರನ್ನು ಕೊಟ್ಟು ಒಂಬತ್ತರದನ್ನು ತರಲು ನನ್ನ ಕೈ ಏಳಲಿಲ್ಲ.

ಅದಕ್ಕಾಗಿ ತಾವು ನನ್ನನ್ನು ಗುಂಡು ಹಂಚಿಕೆಯಿಂದ ಹೊರಗಿಟ್ಟಿದ್ದರೆ ಕೇಕ್ ತಂದು ಅಭಿನಂದಿಸುತ್ತಿದ್ದೆ. ಆದರೆ ತಾವು ಫೋನ್ ಪಟ್ಟಿಯಿಂದಲೇ ನನ್ನ ಹೆಸರು ಹೊಡೆದುಹಾಕಿದಿರಿ. ಚಳಿಗಾಲದಲ್ಲಿ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಡಾರ್ಲೀನ್ ಮನೆಮನೆಗೂ ಫೋನ್ ಮಾಡುವುದು, ಹತ್ತು ರಿಂಗಾದರೂ ಎತ್ತದವರ ಮನೆಗೆ ಸಲಿಕೆ ಹಿಡಿದು ಹೋಗುವುದು ತಮಗೆ ಗೊತ್ತಿರುವುದೇ. ಹೋದ ಫೆಬ್ರವರಿಯಲ್ಲಿ ಸೌದೆ ತರಲು ಹೋಗಿ ಮೆಟ್ಟಿಲ ಮೇಲೆ ಜಾರಿ, ಸೊಂಟ ಮುರಿದುಕೊಂಡು ಹಿಮದಲ್ಲಿ ಬಿದ್ದಿದ್ದಾಗ, ಒಳಗೆ ಹತ್ತು ಸಲ ರಿಂಗಾದ ಆ ಫೋನೇ ನನ್ನನ್ನು ಉಳಿಸಿತು. "ಉರ್ಹೊ, ಸಾಯೋದಾದ್ರೆ ಫೋನ್ ಎತ್ತಿ ಹೇಳಿ ಸಾಯಪ್ಪಾ, ನಂಗೆ ಈ ಚಳೀಲಿ ಓಡಾಟ ತಪ್ಪುತ್ತೆ" ಎಂದು ಬೈಯುತ್ತಲೇ ಅವಳು ನನ್ನನ್ನು ಎಳೆದು ಒಳಗೆ ಹಾಕಿದಳು. ಈಗ ಕೇಳಿದರೆ, "ಅಧ್ಯಕ್ಷರು ಪಟ್ಟಿ ಕೊಟ್ಟಿದಾರೆ, ನಿನ್ ಹೆಸ್ರಿಲ್ಲ, ನಾನೇನ್ ಮಾಡ್ಲಿ?" ಎನ್ನುತ್ತಾಳೆ, ಮುಖ ಅತ್ತ ತಿರುಗಿಸಿಕೊಂಡು. ಮಾನ್ಯರೇ, ಈ ವರ್ಷ ಬಿದ್ದರೆ ನಾನು ಏಪ್ರಿಲ್‌ವರೆಗೂ ಕೆಡದೆ ಅಲ್ಲೇ ಇರುತ್ತೇನೆ.

ಪೇಟೆಯ ಮೆರ್ಲ್‌ನ ಬಂದೂಕಿನ ಅಂಗಡಿಯಲ್ಲಿ ಒಂಬತ್ತರ ಒಂದು ಗುಂಡೂ ಇಲ್ಲವೆಂಬ ಸಂತೋಷದ ಸುದ್ದಿಯನ್ನೂ ಅರಿಕೆ ಮಾಡುತ್ತೇನೆ. "ನಿಮ್ ರಸ್ತೆಯೋರೇ ಮೊದಲನೇ ವಾರ ಎಲ್ಲಾ ಹೊತ್ಕೊಂಡು ಹೋದ್ರು, ಆಮೇಲ್ ಬಂದೋರು ಬರಿಗೈ. ನಿನ್ ಮೂವತ್ತೆರಡು ಬೇಕಾದ್ರೆ ಇದೆ ಮಾರಾಯ, ಧೂಳು ಒರೆಸಿ ಕೊಡ್ತೀನಿ" ಎಂದ. ಆದ್ದರಿಂದ ತಾವು ರಸ್ತೆಯನ್ನೆಲ್ಲ ಮೂವತ್ತೆರಡಕ್ಕೆ ಬದಲಾಯಿಸಬೇಕು; ಬರುವ ದಂಗೆಕೋರರಿಗೂ ಒಂಬತ್ತನ್ನೇ ತರುವಂತೆ ಮುಂಚಿತವಾಗಿ ನೋಟೀಸು ಕಳಿಸಿ, ಅವರು ಸೋತಮೇಲೆ ಉಳಿದದ್ದನ್ನು ನಮ್ಮ ದಾಸ್ತಾನಿಗೆ ಸೇರಿಸಬೇಕು; ಕರಡಿಗಳ ಅಭಿಪ್ರಾಯವನ್ನೂ ಕೇಳಬೇಕು. ಇವಾವುವೂ ಆಗದಿದ್ದರೆ ಚಿಂತೆಯಿಲ್ಲ, ಬೆಳಿಗ್ಗೆ ಏಳರ ಫೋನ್ ಒಂದು ಸಾಕು.

ಪಟ್ಟಿಯ ಹೊರಗಿನಿಂದ,
ತಮ್ಮ ವಿಶ್ವಾಸಿ,
ಉರ್ಹೊ ಕಂಗಾಸ್

ಮರೆತ ಮಾತು: ನಿನ್ನೆ ಡಾರ್ಲೀನ್ ಮಗಳ ಮನೆಗೆ ಹೋಗಿದ್ದರಿಂದ, ಅಧಿಕಾರವಿಲ್ಲದಿದ್ದರೂ ಉಳಿದ ಇಪ್ಪತ್ತೊಂಬತ್ತು ಮನೆಗಳಿಗೂ ನಾನೇ ಫೋನ್ ಮಾಡಿದೆ. ಇಪ್ಪತ್ತೆಂಟು ಮನೆಯವರು ಎತ್ತಿದರು. ಸಲಿಕೆ ಹಿಡಿದು ತಮ್ಮಲ್ಲಿಗೆ ಬಂದು, ಮಾಡಿನಿಂದ ಕುಸಿದು ಫೋನಿನ ತಂತಿ ಕಡಿದು ತಮ್ಮ ಎರಡೂ ಬಾಗಿಲು ಮುಚ್ಚಿದ್ದ ಹಿಮವನ್ನು ಮುರಿದ ಸೊಂಟದಲ್ಲೇ ಎರಡು ಗಂಟೆ ತೋಡಿದೆ. ತಾವು ಒಳಗಿನಿಂದ "ಯಾರದು?" ಎಂದು ಕೂಗಿದಿರಿ, ಯಾವ ಅಳತೆಯವನೆಂದು ಮಾತ್ರ ಕೇಳಲಿಲ್ಲ.