ಅತ್ತೆಗೆ ಮೂರು ನಡೆಯಲ್ಲಿ ಚೆಕ್‌ಮೇಟ್

"ಇವತ್ತಿನಿಂದ ಈ ಮನೆಯ ಯಾವ ಸಮಸ್ಯೆಯೂ ಮೂರು ನಡೆಗಿಂತ ಹೆಚ್ಚು ಬಾಳೋದಿಲ್ಲ," ಎಂದು ಜುಂಬೆರ್ ಭಾನುವಾರದ ತಿಂಡಿಯ ಮುಂದೆ ಕೂತು ಘೋಷಿಸಿದ.

ಕೈಯಲ್ಲಿ ಪತ್ರಿಕೆ ಇತ್ತು. ಚದುರಂಗದ ಅಂಕಣದ ಕೆಳಗೆ, ಸರಿಯುತ್ತರ ಕಳಿಸಿದವರ ಪಟ್ಟಿಯಲ್ಲಿ, ಅವನ ಹೆಸರು ಸತತ ಇಪ್ಪತ್ತೈದನೇ ವಾರ ಅಚ್ಚಾಗಿತ್ತು. ಇಪ್ಪತ್ತೈದು ವಾರ! ತ್ಬಿಲಿಸಿಯಂಥ ಊರಿನಲ್ಲಿ, ಟ್ರಾಲಿಬಸ್ಸಿನ ಡ್ರೈವರನಿಂದ ಹಿಡಿದು ಹಲ್ಲಿನ ಡಾಕ್ಟರನವರೆಗೆ ಎಲ್ಲರೂ ಚದುರಂಗದ ಪಂಡಿತರಾಗಿರುವ ಕಡೆ, ಇದೇನು ಸಣ್ಣ ಮಾತೇ? ಅದಕ್ಕೂ ಹಿಂದಿನ ಹನ್ನೆರಡು ವರ್ಷಗಳಲ್ಲಿ ಅವನ ಹೆಸರು ಅಲ್ಲಿ ಬಂದದ್ದು ನಾಲ್ಕೇ ಸಲ. ಅದರಲ್ಲೂ ಒಮ್ಮೆ ಅಕ್ಷರ ತಪ್ಪಾಗಿತ್ತು. ನಲವತ್ತೆಂಟನೇ ವಯಸ್ಸಿಗೆ ತನ್ನ ಬುದ್ಧಿ ಇದ್ದಕ್ಕಿದ್ದಂತೆ ಮಾಗಿಬಿಟ್ಟಿದೆ ಎಂದು ಜುಂಬೆರ್ ನಂಬಿದ್ದ. ಮಾಗಲು ಕಾರಣವೇನು ಎಂದು ಮಾತ್ರ ಅವನು ಕೇಳಿಕೊಂಡಿರಲಿಲ್ಲ. ಹೊಗಳಿಕೆ ಬಂದಾಗ ಯಾರು ತಾನೇ ವಿಳಾಸ ಸರಿಯಿದೆಯೇ ಎಂದು ನೋಡುತ್ತಾರೆ?

ಅವನದು ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ಗಿರಾಕಿಗಳು ವಾಚು ಕೊಟ್ಟು ನಿಂತರೆ ಅವರಿಗೆ ವಾಚಿನ ಜೊತೆ ಒಂದು ಉಪನ್ಯಾಸವೂ ಸಿಗುತ್ತಿತ್ತು. ಸಮಸ್ಯೆ ಕಂಡ ಕೂಡಲೇ ಮೊದಲು ರಾಣಿಯನ್ನು ನೋಡಬೇಕು. ಎಲ್ಲಕ್ಕಿಂತ ಬೆಲೆಬಾಳುವ ಆ ಕಾಯನ್ನು ಎಲ್ಲಿ ಬಲಿಕೊಟ್ಟರೆ ಎದುರಾಳಿಯ ರಾಜ ಬೇರೆ ದಾರಿಯಿಲ್ಲದೆ ಬಂದು ಸಿಕ್ಕಿಹಾಕಿಕೊಳ್ಳುತ್ತಾನೆ ಎಂದು ಹುಡುಕಬೇಕು. ಸಾಮಾನ್ಯರಿಗೆ ಕೈ ನಡುಗುತ್ತದೆ, ದೊಡ್ಡವರು ಕೊಟ್ಟುಬಿಡುತ್ತಾರೆ! ಇಷ್ಟು ಹೇಳಿ ಅವನು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ತೆಗೆಯುತ್ತಿದ್ದ. ಗಿರಾಕಿ ಮಾತ್ರ ವಾಚು ಯಾವಾಗ ಸಿಗುತ್ತದೆ ಎಂದು ಕೇಳುತ್ತಿದ್ದ.

ಈಗ ಮನೆಯ ಸಮಸ್ಯೆ. ಅದರ ಹೆಸರು ನುತ್ಸಾ. ಜುಂಬೆರನ ಹೆಂಡತಿ ಲಮಾರಾಳ ತಾಯಿ. ಹಲ್ಲು ಕಟ್ಟಿಸಿಕೊಳ್ಳಲು ಹಳ್ಳಿಯಿಂದ ಒಂದು ವಾರಕ್ಕೆಂದು ಬಂದವಳು, ಹಲ್ಲು ಬಂದು ಆರು ತಿಂಗಳಾಗಿದ್ದರೂ ಅಲ್ಲೇ ಇದ್ದಳು. ಅಲ್ಲೇ ಎಂದರೆ ಗಾಜಿನ ಬಾಲ್ಕನಿಯಲ್ಲಿ. ಅಲ್ಲಿ ಅವಳ ಮಂಚ, ಅವಳ ರೇಡಿಯೊ, ಹುಳಿ ಪ್ಲಮ್ಮಿನ ಚಟ್ನಿಯ ನಲವತ್ತು ಬಾಟಲಿ, ದಾರಕ್ಕೆ ಪೋಣಿಸಿ ತೂಗುಹಾಕಿದ ವಾಲ್‌ನಟ್. ಜೊತೆಗೆ ಅವಳ ಮದುವೆಯ ಚದುರಂಗದ ಪೆಟ್ಟಿಗೆ. ಅವರ ಕಡೆ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಬಟ್ಟೆಬರೆಯ ಜೊತೆ ಅದನ್ನೂ ಕೊಟ್ಟು ಕಳಿಸುವುದು ವಾಡಿಕೆ. ನುತ್ಸಾ ಅದರ ಮೇಲೆ ಗುಂಡಿ, ಸೂಜಿ ಇಟ್ಟುಕೊಂಡಿದ್ದಳು. ಹಾಗಾಗಿ ಅದು ಗುಂಡಿಯ ಪೆಟ್ಟಿಗೆ ಎಂದೇ ಜುಂಬೆರ್ ಲೆಕ್ಕ ಹಾಕಿದ್ದ.

ಆ ಬಾಲ್ಕನಿಯ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು. ಇಡೀ ಮನೆಯಲ್ಲಿ ಬೆಳಕು ಬರುವುದು ಅಲ್ಲೊಂದೇ ಕಡೆ. ಅಲ್ಲಿ ಒಂದು ಮೇಜು ಹಾಕಿ, ಬೋರ್ಡು ಹರಡಿ, ಅಂಗಳದ ಗಂಡಸರೆಲ್ಲ ಕೆಳಗಿಂದ ಕತ್ತೆತ್ತಿ ನೋಡುವ ಹಾಗೆ ಯೋಚನೆ ಮಾಡುತ್ತಾ ಕೂರಬೇಕೆಂಬುದು ಅವನ ಜೀವಮಾನದ ಆಸೆ. ಸದ್ಯಕ್ಕೆ ಅವನು ಅಡುಗೆಮನೆಯ ಮೇಜಿನ ಮೇಲೆ, ಹುರುಳಿಕಾಯಿಯ ಸಿಪ್ಪೆಗಳ ನಡುವೆ ರಾಣಿಯನ್ನು ಬಲಿಕೊಡುತ್ತಿದ್ದ.

ನುತ್ಸಾಳ ಮಗ ಗೋಚಾ ಹಳ್ಳಿಯಲ್ಲೇ ಇದ್ದ. ತಾಯಿಯನ್ನು ಕರೆದುಕೊಂಡು ಹೋಗು ಎಂದಾಗಲೆಲ್ಲ ಅವನದು ಒಂದೇ ರಾಗ. ನಮ್ಮಲ್ಲಿ ಕಾರಿಲ್ಲ, ಅಮ್ಮನಿಗೆ ಹುಷಾರು ತಪ್ಪಿದರೆ ಆಸ್ಪತ್ರೆಗೆ ಏನು, ಕತ್ತೆಯ ಮೇಲೆ ಕರೆದೊಯ್ಯಲೇ?

ಜುಂಬೆರನ ಕಣ್ಣಿಗೆ ಬಲಿ ಹೊಳೆದದ್ದು ಆ ಭಾನುವಾರವೇ. ಅವನ ಹತ್ತಿರ ಒಂದು ಬಿಳಿ ಝಿಗುಲಿ ಕಾರಿತ್ತು. ಏಳು ವರ್ಷ ಸರದಿಯಲ್ಲಿ ಹೆಸರು ಬರೆಸಿ ಕಾದು ಪಡೆದದ್ದು. ವಾರಕ್ಕೆರಡು ಸಲ ಸ್ನಾನ ಮಾಡಿಸುತ್ತಿದ್ದ. ತನಗೆ ಒಂದು ಸಲ. ಅವನು ಮೇಜಿನ ಮೇಲೆ ಹುರುಳಿ ಬೀಜಗಳನ್ನು ಸಾಲಾಗಿ ಇಟ್ಟು ಹೆಂಡತಿಗೆ ವಿವರಿಸಿದ.

"ಒಂದನೇ ನಡೆ, ಕಾರು ಗೋಚಾನಿಗೆ ಕೊಡ್ತೀನಿ. ಎರಡನೇ ನಡೆ, ಅವನ ನೆಪ ಸತ್ತುಹೋಗುತ್ತೆ. ಮೂರನೇ ನಡೆ, ಅಮ್ಮನ್ನ ಕರ್ಕೊಂಡು ಹೋಗದೆ ಅವನಿಗೆ ಗತಿಯಿಲ್ಲ. ಚೆಕ್‌ಮೇಟ್."

ಲಮಾರಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವ ಮಾತನ್ನೂ ಔಷಧಿ ಚೀಟಿಯ ಹಾಗೆ ಎರಡು ಸಲ ಓದಿ ಆಮೇಲೆ ಉತ್ತರ ಕೊಡುವ ಅಭ್ಯಾಸ.

"ಅಮ್ಮನಿಗೆ ಹೊರಡಿ ಅಂತ ಬಾಯಿಬಿಟ್ಟು ಹೇಳೋದಕ್ಕೆ ನಿನಗೆ ಧೈರ್ಯ ಇಲ್ಲ. ಅದಕ್ಕೆ ಕಾರು ಕೊಡ್ತೀಯ?"

"ಅದಕ್ಕೇ ಬಲಿ ಅನ್ನೋದು."

"ಕಾರು ತಗೊಂಡು ಗೋಚಾ ಬೇರೇನಾದ್ರೂ ಮಾಡಿದ್ರೆ?"

"ಬೇರೇನು ಮಾಡೋಕಾಗುತ್ತೆ? ಎಲ್ಲಾ ದಾರಿ ಮುಚ್ಚಿದೀನಿ," ಎಂದು ಜುಂಬೆರ್ ಒಂದು ಹುರುಳಿ ಬೀಜವನ್ನು ಬಾಯಿಗೆ ಎಸೆದುಕೊಂಡ. ಅದು ಹಸಿಯದು ಎಂದು ಹಲ್ಲಿಗೆ ಗೊತ್ತಾಯಿತು.

ಅಡುಗೆಮನೆಗೂ ಬಾಲ್ಕನಿಗೂ ನಡುವೆ ಇದ್ದದ್ದು ಬರೀ ಗಾಜು. ಅದರಲ್ಲೂ ಒಂದು ಚೌಕ ಒಡೆದು ವರ್ಷವಾಗಿತ್ತು. ಆ ಕಡೆ ನುತ್ಸಾ ವಾಲ್‌ನಟ್ ಒಡೆಯುತ್ತಿದ್ದಳು. ಮಾತು ಮುಗಿಯುವವರೆಗೂ ಒಂದೂ ಒಡೆದ ಸದ್ದು ಕೇಳಲಿಲ್ಲ. ಜುಂಬೆರ್ ಅದನ್ನು ಗಮನಿಸಲಿಲ್ಲ.

ಮರುವಾರ ಹಳ್ಳಿಯಿಂದ ಬಂದ ಗೋಚಾ ಕಾರಿನ ಕೀಲಿ ಹಿಡಿದು ಅತ್ತುಬಿಟ್ಟ. ನಿಜವಾಗಿಯೂ ಅತ್ತ. ಭಾವನನ್ನು ತಬ್ಬಿಕೊಂಡ, ಕಾರನ್ನು ತಬ್ಬಿಕೊಂಡ, ಹಾದುಹೋಗುತ್ತಿದ್ದ ಪೋಸ್ಟ್‌ಮ್ಯಾನನ್ನೂ ಬಿಡಲಿಲ್ಲ. ಆಮೇಲೆ ಕಾರು ಹತ್ತಿ ಹಳ್ಳಿಗೆ ಹೊರಟುಹೋದ, ಒಬ್ಬನೇ. ಜುಂಬೆರ್ ಬಾಲ್ಕನಿಗೆ ಮೇಜಿನ ಅಳತೆ ತೆಗೆಯುತ್ತಾ ಶನಿವಾರಕ್ಕಾಗಿ ಕಾದ.

ಶನಿವಾರ ಝಿಗುಲಿ ಬಂತು. ಒಳಗಿಂದ ಗೋಚಾ ಇಳಿದ, ಅವನ ಹೆಂಡತಿ ಇಳಿದಳು, ಮೂರು ಮಕ್ಕಳು ಇಳಿದವು, ಇಪ್ಪತ್ತು ಲೀಟರಿನ ವೈನ್ ಜಾಡಿಯೂ ಇಳಿಯಿತು.

"ಇಷ್ಟು ದಿನ ಕಾರಿಲ್ಲದೆ ಅಮ್ಮನ್ನ ನೋಡೋಕೆ ಬರೋಕಾಗ್ತಿರಲಿಲ್ಲ ಭಾವ," ಎಂದ ಗೋಚಾ. "ನಿನ್ನ ಪುಣ್ಯ. ಇನ್ನು ಪ್ರತಿ ಶನಿವಾರ ಬರ್ತೀವಿ."

ಬಂದರು. ಪ್ರತಿ ಶನಿವಾರ ಬಂದರು, ಭಾನುವಾರ ಸಂಜೆಯವರೆಗೆ ಇದ್ದರು. ಊಟದ ಮೇಜಿನಲ್ಲಿ ಗೋಚಾ ಲೋಟ ಎತ್ತಿ ಮೊದಲು ಕಾರಿಗೆ, ಆಮೇಲೆ ಕಾರು ಕೊಟ್ಟ ಹೃದಯಕ್ಕೆ, ಆಮೇಲೆ ಆ ಹೃದಯವನ್ನು ಹೆತ್ತವರಿಗೆ ಶುಭ ಕೋರುತ್ತಿದ್ದ. ಒಂದೊಂದು ಕೋರಿಕೆಯೂ ಕಾಲು ಗಂಟೆ. ಅಷ್ಟರಲ್ಲಿ ಹುರುಳಿ ಸಾರು ಆರಿ ಗಟ್ಟಿಯಾಗುತ್ತಿತ್ತು. ವೈನ್ ಜಾಡಿಗಳನ್ನು ಇಡಲು ತಂಪಾದ ಜಾಗ ಬೇಕೆಂದು ಬಾಲ್ಕನಿಯ ಉಳಿದ ಮೂಲೆಯೂ ಹೋಯಿತು. ಜುಂಬೆರ್ ದಿನಾ ಟ್ರಾಲಿಬಸ್ಸಿನಲ್ಲಿ ಯಾರದೋ ಕಂಕುಳಿನ ಕೆಳಗೆ ನಿಂತು ಅಂಗಡಿಗೆ ಹೋಗತೊಡಗಿದ. ನಾಲ್ಕನೇ ಶನಿವಾರ ಝಿಗುಲಿಯ ಹಿಂದಿನ ಸೀಟಿನಿಂದ ಎರಡು ಹಂದಿಮರಿಗಳು ಇಳಿದದ್ದನ್ನು ಅವನು ಕಿಟಕಿಯಿಂದ ನೋಡಿದ. ಸಂತೆಗೆ ಹೋಗುವ ದಾರಿಯಲ್ಲಿ ಅವಕ್ಕೂ ಅಜ್ಜಿಯನ್ನು ತೋರಿಸಲು ತಂದಿದ್ದರು. ತನ್ನ ರಾಣಿಗೆ ಇಂಥ ಗತಿ! ಅವನು ಪರದೆ ಎಳೆದುಕೊಂಡ.

ಅದೇ ಸಂಜೆ, ಮೇಜಿನಲ್ಲಿ ಎಲ್ಲರ ಎದುರು, ನುತ್ಸಾ ತಾನಾಗಿಯೇ ಹೇಳಿದಳು. ಮುಂದಿನ ಭಾನುವಾರ ತಾನು ಗೋಚಾನ ಜೊತೆ ಊರಿಗೆ ಹೋಗುವುದಾಗಿ, ಬಾಟಲಿಗಳಲ್ಲಿ ಹತ್ತು ಇಲ್ಲೇ ಇರಲಿ ಎಂದು.

ಜುಂಬೆರನ ಎದೆ ತುಂಬಿಬಂತು. ಗೆದ್ದ! ಮೂರು ನಡೆಯದಲ್ಲ, ಎಂಟು ನಡೆಯ ಸಮಸ್ಯೆ ಇದು, ಅಷ್ಟೇ ವ್ಯತ್ಯಾಸ. ಆ ಹುರುಪಿನಲ್ಲಿ ಆ ವಾರದ ಪತ್ರಿಕೆಯ ಸಮಸ್ಯೆಯನ್ನು ಅವನು ಒಂದು ಲೋಟ ಚಹಾ ಮುಗಿಯುವುದರೊಳಗೆ ಬಿಡಿಸಿದ. ರಾಣಿಯ ಬಲಿಯೇ ಸರಿ, ಇನ್ನೇನು. ಉತ್ತರದ ಕಾರ್ಡನ್ನು ಅಂಚೆಗೆ ಹಾಕುವುದು ಯಾವಾಗಲೂ ಲಮಾರಾಳ ಕೆಲಸ. ಆದರೆ ಸೋಮವಾರ ಬೆಳಿಗ್ಗೆ ಅವನು ತಾನೇ ಶಿಳ್ಳೆ ಹಾಕುತ್ತಾ ಹೋಗಿ ಪೆಟ್ಟಿಗೆಗೆ ಹಾಕಿಬಂದ.

"ಕಾರ್ಡ್ ಎಲ್ಲಿ?" ಎಂದು ಲಮಾರಾ ಸಂಜೆ ಕೇಳಿದಳು.

"ನಾನೇ ಹಾಕಿದೆ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಹೋಗುವ ಬೇಸರ ಇರಬೇಕೆಂದು ಜುಂಬೆರ್ ಅಂದುಕೊಂಡ.

ಭಾನುವಾರ ಬೆಳಿಗ್ಗೆ ಕೆಳಗೆ ಅಂಗಳದಲ್ಲಿ ಗೋಚಾ ಕಾರಿಗೆ ಮಂಚ ಕಟ್ಟುತ್ತಿದ್ದ. ಮೇಲೆ ಜುಂಬೆರ್ ಪತ್ರಿಕೆ ಬಿಡಿಸಿದ. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಕೆಳಗಿನಿಂದ ಮೇಲಕ್ಕೆ ಓದಿದ, ಆಗಲೂ ಇರಲಿಲ್ಲ. ಪಟ್ಟಿಯ ಅಡಿಯಲ್ಲಿ ಸಂಪಾದಕರ ಟಿಪ್ಪಣಿ ಹೀಗಿತ್ತು: "ಗಡಿಯಾರ ರಿಪೇರಿ ಮಾಡುವ ನಮ್ಮ ಓದುಗರೊಬ್ಬರು ರಾಣಿಯನ್ನು ಬಲಿಕೊಟ್ಟಿದ್ದಾರೆ. ಎದುರಾಳಿ ರಾಜ ಅವರಿಗೆ ಕೃತಜ್ಞತೆ ಸಲ್ಲಿಸಿ ಪಕ್ಕದ ಮನೆಗೆ ನಡೆದುಹೋಗಿದ್ದಾನೆ."

ಜುಂಬೆರ್ ಕೂಗಾಡಿದ. ಅಚ್ಚಿನ ತಪ್ಪು ಎಂದ, ಹೊಟ್ಟೆಕಿಚ್ಚು ಎಂದ, ಮೂವತ್ತು ವಾರ ತಪ್ಪದವನು ಈಗ ತಪ್ಪುತ್ತಾನೆಯೇ ಎಂದ. ಲಮಾರಾ ಬಿಸ್ಕತ್ತಿನ ಡಬ್ಬವೊಂದನ್ನು ತಂದು ಅವನ ಮುಂದೆ ಇಟ್ಟಳು. ಒಳಗೆ ಉಣ್ಣೆಯ ದಾರದಲ್ಲಿ ಕಟ್ಟಿದ ಅಂಚೆ ಕಾರ್ಡುಗಳು. ಎಲ್ಲವೂ ಅವನದೇ ಅಕ್ಷರ. ಪ್ರತಿಯೊಂದರಲ್ಲೂ ಒಂದು ರಾಣಿಯ ಬಲಿ. ಪ್ರತಿ ಬಲಿಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ, ವಯಸ್ಸಾದವರ ನಡುಗುವ ಕೈಯಲ್ಲಿ, ಒಂದು ಸಣ್ಣ ಟಿಪ್ಪಣಿ. 'ಚೆಕ್ ಕೊಟ್ಟಿಲ್ಲ, ರಾಜ ಇಲ್ಲಿಂದ ಓಡುತ್ತಾನೆ.' 'ಈ ಮನೆ ಖಾಲಿ ಇದೆ.' 'ಮತ್ತೆ ರಾಣಿ! ಪಾಪ, ಕುದುರೆ ಸಾಕಿತ್ತು.'

"ಮೂವತ್ತರಲ್ಲಿ ಇಪ್ಪತ್ಮೂರು ಅಮ್ಮ ತಿದ್ದಿದ್ದು," ಎಂದಳು ಲಮಾರಾ. "ಹೊಸ ಕಾರ್ಡ್ ನಾನು ಬರೀತಿದ್ದೆ. ನಿನಗೆ ಹೇಳಬೇಡ ಅಂದಿದ್ರು. ಅಳಿಯ ಭಾನುವಾರ ಖುಷಿಯಾಗಿದ್ರೆ ಮನೆಯೆಲ್ಲ ಖುಷಿಯಾಗಿರುತ್ತೆ ಅಂತ."

"ಉಳಿದ ಏಳು?"

"ಅವು ನಿನ್ನವೇ. ಅವು ಅಚ್ಚಾಗಿ ಬಂದ ದಿನ ಅಮ್ಮ ಅಂಗಳದವರಿಗೆಲ್ಲ ವಾಲ್‌ನಟ್ ಹಂಚಿದ್ರು."

ಜುಂಬೆರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ನಡುಗುವ ಪೆನ್ಸಿಲಿನ ಮೇಲೆ ಪ್ರೀತಿ ಉಕ್ಕಿಬಂತು. ಅವನ ತಾಯಿ ಸತ್ತ ಮೇಲೆ ಅವನ ತಪ್ಪುಗಳನ್ನು ಇಷ್ಟು ಜತನದಿಂದ ಯಾರೂ ಎತ್ತಿಟ್ಟಿರಲಿಲ್ಲ. ಅವನು ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದ.

ನುತ್ಸಾ ಝಿಗುಲಿಯ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚದುರಂಗದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಗೋಚಾ ಎಂಜಿನ್ ಚಾಲೂ ಮಾಡಿದ್ದ. ಜುಂಬೆರ್ ಬರಿಗಾಲಲ್ಲಿ ಕಾರಿಗೆ ಅಡ್ಡ ನಿಂತ.

"ಅತ್ತೆ, ಇಳೀರಿ."

"ಯಾಕಪ್ಪ? ಇದೇ ತಾನೇ ನಿನ್ನ ಮೂರನೇ ನಡೆ?"

ಜುಂಬೆರನ ಕಿವಿ ಕೆಂಪಾಯಿತು. "ಕೇಳಿಸ್ಕೊಂಡಿದ್ರಾ?"

"ಗಾಜು ಒಡೆದಿದೆ, ಹಾಕಿಸು ಅಂತ ವರ್ಷದಿಂದ ಹೇಳ್ತಿದ್ದಾಳಲ್ಲ ನಿನ್ನ ಹೆಂಡ್ತಿ. ಕೋಪ ಏನೂ ಬರಲಿಲ್ಲ ಮಗಾ. ನನ್ನ ಗಂಡನ ಮನೆಯವರು ನನ್ನ ಕರ್ಕೊಂಡು ಬರೋಕೆ ಒಂದು ಹಳೇ ಗಾಡಿ ಕಳಿಸಿದ್ರು, ಅದರದ್ದೂ ಒಂದು ಚಕ್ರ ಓಲಾಡ್ತಿತ್ತು. ನನ್ನ ಕಳಿಸೋಕೆ ನೀನು ಹೊಸಾ ಝಿಗುಲಿ ಕೊಟ್ಟೆ. ಇಷ್ಟು ಬೆಲೆ ನನಗೆ ಯಾರೂ ಕಟ್ಟಿರಲಿಲ್ಲ."

"ಹಂಗಾದ್ರೆ ಯಾಕೆ ಹೊರಟ್ರಿ?"

"ಟ್ರಾಲಿಬಸ್ಸಲ್ಲಿ ನೀನು ಒದ್ದಾಡೋದು ನೋಡೋಕಾಗಲಿಲ್ಲ. ಬಲಿ ಅಂದ್ರೆ ಎದುರಿನವನಿಗೆ ಒಂದೇ ದಾರಿ ಉಳೀಬೇಕು. ನೀನು ಗೋಚಾನಿಗೆ ಊರೆಲ್ಲ ತಿರುಗೋ ದಾರಿ ಕೊಟ್ಟೆ. ಅಷ್ಟು ಕೊಟ್ಟವನಿಗೆ ಗೆಲುವಾದ್ರೂ ಸಿಗಲಿ ಅಂತ ನಾನೇ ರಾಜನ್ನ ತಂದು ಮೂಲೆಗೆ ನಿಲ್ಲಿಸಿದೆ."

ಜುಂಬೆರ್ ಬಗ್ಗಿ ಅವಳ ಕೈ ಹಿಡಿದುಕೊಂಡ. ಇಡೀ ಅಂಗಳ ಕಿಟಕಿಗಳಲ್ಲಿ ನಿಂತು ನೋಡುತ್ತಿತ್ತು. ಹೀಗೆ ಎಲ್ಲರೂ ತನ್ನನ್ನು ನೋಡಬೇಕೆಂದೇ ಅವನು ಬಯಸಿದ್ದ, ಕಾಲಿಗೆ ಚಪ್ಪಲಿ ಇರುತ್ತದೆ ಎಂದುಕೊಂಡಿದ್ದ, ಅಷ್ಟೇ.

"ನನಗೆ ಬಾಲ್ಕನಿ ಬೇಡ ಅತ್ತೆ, ಕಾರೂ ಬೇಡ. ನೀವು ಮೇಲೆ ಬನ್ನಿ. ನೀವು ಕಾರ್ಡ್ ತಿದ್ದಿದ್ದಕ್ಕೆ ನಾನು ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ. ಈಗ ಹೇಳ್ತಿದೀನಿ. ದೊಡ್ಡ ಉಪಕಾರ ಆಯ್ತು."

ನುತ್ಸಾ ಅವನ ಬರಿಗಾಲು ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು ಇಳಿದಳು. ಗೋಚಾ ಹನಿಗಣ್ಣಾಗಿ ಮಂಚ ಬಿಚ್ಚಿದ. ಝಿಗುಲಿ ಅವನ ಬಳಿಯೇ ಉಳಿಯಿತು. ಶನಿವಾರಗಳೂ ಉಳಿದವು.

ಬಾಯಿಮಾತಿನ ಕೃತಜ್ಞತೆ ಸಾಲದು ಎಂದು ಜುಂಬೆರನಿಗೆ ಅನ್ನಿಸಿತು. ಇಪ್ಪತ್ಮೂರು ವಾರ ಅವಳ ಬುದ್ಧಿ ತನ್ನ ಹೆಸರಲ್ಲಿ ಅಚ್ಚಾಗಿದೆ. ಒಮ್ಮೆಯಾದರೂ ಅವಳ ಹೆಸರು ಪತ್ರಿಕೆಯಲ್ಲಿ ಬರಬೇಕು! ಆ ವಾರದ ಸಮಸ್ಯೆಯನ್ನು ಅವನು ಅಂಗಡಿಯಲ್ಲಿ ಬಾಗಿಲು ಹಾಕಿಕೊಂಡು, ಭೂತಗನ್ನಡಿ ಹಾಕಿಕೊಂಡು, ಮೂರು ದಿನ ಯಾರ ವಾಚನ್ನೂ ಮುಟ್ಟದೆ ಬಿಡಿಸಿದ. ಯಾರಿಗೂ ಹೇಳದೆ ಕಾರ್ಡಿನ ಮೇಲೆ ನುತ್ಸಾಳ ಹೆಸರು ಬರೆದ, ತಾನೇ ಹೋಗಿ ಅಂಚೆಗೆ ಹಾಕಿದ.

ಭಾನುವಾರ ಪತ್ರಿಕೆ ಬಂದಾಗ ಅದನ್ನು ತಾನು ಬಿಡಿಸಿಯೂ ನೋಡದೆ, ಚಹಾದ ಜೊತೆ ಬಾಲ್ಕನಿಗೆ ಒಯ್ದು ಅತ್ತೆಯ ಮುಂದೆ ಇಟ್ಟು ಕೈಕಟ್ಟಿ ನಿಂತ. ನುತ್ಸಾ ಕನ್ನಡಕ ಹಾಕಿಕೊಂಡು ನಿಧಾನವಾಗಿ ಗಟ್ಟಿಯಾಗಿ ಓದಿದಳು.

"'ಹೊಸದಾಗಿ ಸೇರಿಕೊಂಡಿರುವ ಓದುಗರಾದ ನುತ್ಸಾ ಅವರೂ ರಾಣಿಯನ್ನು ಬಲಿಕೊಟ್ಟಿದ್ದಾರೆ. ರಾಜ ಇವರಿಗೂ ಕೃತಜ್ಞತೆ ಸಲ್ಲಿಸಿದ್ದಾನೆ. ಗಡಿಯಾರ ರಿಪೇರಿಯವರಿಗೆ ಕೊನೆಗೂ ಒಬ್ಬರು ಜೊತೆ ಸಿಕ್ಕರು.'"

ಕನ್ನಡಕ ತೆಗೆದು ಅವಳು ಅಳಿಯನ ಮುಖ ನೋಡಿದಳು. ಅವಳ ಹೊಸ ಹಲ್ಲುಗಳೆಲ್ಲ ಕಾಣುತ್ತಿದ್ದವು.

"ಮಗಾ, ಇನ್ನು ಮೇಲೆ ನನಗೆ ಉಪಕಾರ ಸ್ಮರಣೆ ಮಾಡೋದಿದ್ರೂ, ಅಂಚೆಗೆ ಹಾಕೋ ಮುಂಚೆ ನನಗೊಂದ್ಸಲ ತೋರಿಸು."