ನೀರಿನಲ್ಲಿ ಕಂಡ ಕಿಣ್ವ

ಊರಿನವರ ರಕ್ತವನ್ನೆಲ್ಲ ಸಂಶಯದಿಂದ ನೋಡುವ ನಾನು, ನನ್ನ ರಕ್ತವನ್ನು ಮಾತ್ರ ಕಣ್ಣು ಮುಚ್ಚಿಕೊಂಡು ನಂಬಿದವನು. ಬಸವನಗುಡಿಯ ಒಂದು ಪುಟ್ಟ ಸಂಶೋಧನಾ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪಿಎಚ್.ಡಿ. ಮಾಡುತ್ತಿದ್ದ ವಸುಧಾ ಎಂಬ ಹುಡುಗಿ ನಮ್ಮಲ್ಲಿ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವವನ್ನು ಅಳೆಯುತ್ತಿದ್ದಳು. ಮೈಯೊಳಗಿನ ಜೀವಕೋಶಗಳು ಬೇಗ ಕೆಡದಂತೆ ಕಾಯುವುದು ಅದರ ಕೆಲಸವಂತೆ. ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲೇ ನನ್ನದು ಅರ್ಧ ಖರ್ಚಾಗುತ್ತಿತ್ತು. ಸಕ್ಕರೆ ಕಾಯಿಲೆಯವರ ರಕ್ತದ ಜೊತೆ ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕೆಂದು ಗೊತ್ತಾದಾಗ, ಅವಳು ಕೇಳುವ ಮೊದಲೇ ನಾನು ಅಂಗಿಯ ತೋಳು ಮೇಲೇರಿಸಿ ಕೂತಿದ್ದೆ.

ಪರೀಕ್ಷೆ ಇಷ್ಟೇ. ಪಡ್ಡಿನ ಕಾವಲಿಯನ್ನು ಗೊಂಬೆಯಾಟಕ್ಕೆ ಮಾಡಿದಂತಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ತೊಂಬತ್ತಾರು ಗುಳಿಗಳು. ಪ್ರತಿ ಗುಳಿಯ ತಳದಲ್ಲೂ ಆ ಕಿಣ್ವವನ್ನೇ ಹುಡುಕಿ ಹಿಡಿಯುವ ಪ್ರತಿಕಾಯ ಅಂಟಿರುತ್ತದೆ. ರಕ್ತದಿಂದ ಬೇರ್ಪಡಿಸಿದ ತಿಳಿನೀರು, ಅಂದರೆ ಸೀರಮ್ ಹಾಕಿ, ಕಾದು, ತೊಳೆದು, ಮತ್ತೆ ಕಾದು, ಮತ್ತೆ ತೊಳೆದು, ಕೊನೆಯ ದ್ರಾವಣ ಬಿಟ್ಟರೆ ಹಳದಿ ಬಣ್ಣ ಬರುತ್ತದೆ. ಹಳದಿ ಗಾಢವಾದಷ್ಟೂ ಕಿಣ್ವ ಜಾಸ್ತಿ. ಅದನ್ನು ಮೆಷಿನ್ನು ಕಾಲು ಗಂಟೆಯೊಳಗೆ ಓದಬೇಕು, ಆಮೇಲೆ ಬಣ್ಣವನ್ನು ನಂಬುವಂತಿಲ್ಲ. ವಸುಧಾಳ ಬಳಿ ಉಳಿದಿದ್ದದ್ದು ಅದೊಂದೇ ತಟ್ಟೆ. ಅದು ಕೆಟ್ಟರೆ ಅವಳ ಎರಡು ವರ್ಷದ ದುಡಿಮೆ ನೀರುಪಾಲು.

ದಸರಾ ರಜೆ ಮುಗಿದ ಮರುದಿನ ತಟ್ಟೆಯನ್ನು ಮೆಷಿನ್ನಿಗೆ ಕೊಟ್ಟೆವು. ಮೊದಲ ಸಾಲಿನಲ್ಲಿ ಬರೀ ನೀರು ಹಾಕಿದ ಎರಡು ಗುಳಿ, ಪಕ್ಕದಲ್ಲೇ ನಾನು. ಮೆಷಿನ್ನು ಗೊರಗೊರ ಎಂದು ಕಾಗದ ಉಗುಳಿತು. ನನ್ನ ಕಿಣ್ವ ಎಲ್ಲರಿಗಿಂತ ಮೇಲೆ!

"ಸರ್, ನೀರಲ್ಲೂ ಕಿಣ್ವ ತೋರಿಸ್ತಿದೆ," ಎಂದಳು ವಸುಧಾ. "ಅದು ಸೊನ್ನೆ ಬರ್ಬೇಕಲ್ವಾ? ಎಲ್ಲಾ ಹಾಳಾಯ್ತು ಸರ್."

ಮತ್ತೆ ಓದಿಸಿದೆವು, ಅದೇ ಅಂಕಿ. ನೀರನ್ನು ಬೈದೆ, ಕರೆಂಟನ್ನು ಬೈದೆ, ತಟ್ಟೆ ಕಳಿಸಿದ ಕಂಪನಿಯನ್ನು ಬೈದೆ. ನೀರಿನ ಅಂಕಿ ತಪ್ಪಾಗಿ ಪಕ್ಕದ ನನ್ನ ಅಂಕಿ ಮಾತ್ರ ಸರಿಯಾಗಿರುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಅಷ್ಟರಲ್ಲಿ ಫೋನು. ಚಾಮರಾಜಪೇಟೆಯ ಮನೆಯಿಂದ ಹೆಂಡತಿ ಶಾರದಾ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಕಿಣ್ವದ ಸುದ್ದಿ ಹೇಳಿದೆ.

"ಅದಿರ್ಲಿ ರೀ, ಆಯುಧಪೂಜೆಗೆ ಅಂತ ತಗೊಂಡ್ಹೋದ ಅರಿಶಿನದ ಬಟ್ಟಲೆಲ್ಲಿ? ತುಂಬಿಸಿ ಕೊಟ್ಟಿದ್ದೆ. ಮೆಷಿನ್ನಿಗೆ ಸ್ನಾನ ಮಾಡಿಸಿದ್ರಾ ಹೇಗೆ?"

ರಿಸೀವರ್ ಇಟ್ಟೆ. ಹೌದು, ಮಾಡಿಸಿದ್ದೆ. ಮಿಕ್ಕ ಮೆಷಿನ್ನುಗಳಿಗೆ ಹೊರಗೆ ಒಂದು ಬೊಟ್ಟು ಸಾಕೆನಿಸಿತ್ತು. ಇದು ಕೆಲಸ ಮಾಡುವುದೆಲ್ಲ ಒಳಗಲ್ಲವೇ ಎಂದು, ತಟ್ಟೆ ಕೂರುವ ಜಾಗವನ್ನು ಹೊರಗೆಳೆದು, ಅದರ ತುದಿಗೆ ಭಕ್ತಿಯಿಂದ ಅರಿಶಿನ ಬಳಿದಿದ್ದೆ. ಈಗ ಅದು ತೇವದ ತಟ್ಟೆಯ ತಳಕ್ಕೆ ಅಂಟಿತ್ತು, ಸರಿಯಾಗಿ ಮೊದಲ ಸಾಲಿಗೆ. ಮೆಷಿನ್ನು ಓದಿದ್ದು ನನ್ನ ಪೂಜೆಯನ್ನು.

ಗಡಿಯಾರದಲ್ಲಿ ಇನ್ನು ನಾಲ್ಕು ನಿಮಿಷ. ಹೇಳಿದರೆ ಮಾನವೂ ಹೋಗುತ್ತದೆ, ಕಿಣ್ವವೂ ಹೋಗುತ್ತದೆ. ಸುಳ್ಳೇಕೆ, ಕಾಗದದ ಮೇಲಿನ ನನ್ನ ಅಂಕಿಯನ್ನು ಇನ್ನೊಮ್ಮೆ ಆಸೆಯಿಂದ ನೋಡಿಕೊಂಡೆ. ವಸುಧಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯಾಯಿತು.

"ತಪ್ಪು ನಂದು ಕಣಮ್ಮ," ಎಂದು ಎಲ್ಲ ಹೇಳಿದೆ. ಅವಳು ಬೈಯಲೂ ಪುರುಸೊತ್ತಿಲ್ಲದೆ ಹತ್ತಿ ಕೈಗೆತ್ತಿಕೊಂಡಳು. ನಾನು ಮೆಷಿನ್ನು ಒರೆಸಿದೆ, ಅವಳು ತಟ್ಟೆಯ ತಳ ಒರೆಸಿದಳು. ಓದಿಸಿದೆವು. ನೀರು ಸೊನ್ನೆಗಿಳಿಯಿತು. ಅದರ ಹಿಂದೆಯೇ ನಾನೂ ಇಳಿದೆ, ಸಕ್ಕರೆ ಕಾಯಿಲೆಯವರೆಲ್ಲರಿಗಿಂತ ಕೆಳಕ್ಕೆ.

ವಸುಧಾಳ ಮುಖ ಅರಳಿತು. ಆಮೇಲೆ ಕಾಗದ ನೋಡಿ ಸಂಕೋಚದಿಂದ, "ಸರ್, ನಿಮ್ಮನ್ನ ಆರೋಗ್ಯವಂತರ ಪಟ್ಟಿಲೇ ಇಟ್ಕೊಳ್ಳಲಾ?" ಎಂದಳು.

"ನಿಂಗೆ ಸರಿ ಅನ್ಸಿದ್ದು ಮಾಡಮ್ಮ," ಎಂದು ದೊಡ್ಡ ಮನುಷ್ಯನಂತೆ ಹೇಳಿದೆ.

ಮುಂದಿನ ವರ್ಷ ಅವಳ ಪ್ರಬಂಧ ಬೈಂಡಾಗಿ ಬಂತು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಎಲ್ಲರಿಗಿಂತ ಮೊದಲಿತ್ತು. ಆಸೆಯಿಂದ ಒಳಗೆ ಪುಟ ತಿರುವಿ ಎಣಿಸಿದೆ. ಆರೋಗ್ಯವಂತರು ಒಬ್ಬರು ಕಡಿಮೆಯಾಗಿದ್ದರು.